ಗುರುವಿಗೆ ಎರಡು ಮಾತ್ರೆ

ಕಟಪಾಡಿಯ ದೇಜಪ್ಪ ಮಾಸ್ಟ್ರು ತಮ್ಮ ಐವತ್ತೆರಡನೆಯ ವಯಸ್ಸಿನಲ್ಲಿ ಮನೆಯ ಗೇಟಿಗೆ ಒಂದು ಹಿತ್ತಾಳೆಯ ಬೋರ್ಡು ಹಾಕಿಸಿದರು. ಜೀವಮಾನದಲ್ಲಿ ಒಂದೇ ಒಂದು ಸಲ ಜಂಬ ಪಟ್ಟ ಮನುಷ್ಯನಿಗೆ ಊರು ಇಷ್ಟು ದೊಡ್ಡ ಶಿಕ್ಷೆ ಕೊಡಬಾರದಿತ್ತು. ಆದರೆ ಊರಿಗೂ ಏನಾದರೊಂದು ಕೆಲಸ ಬೇಕಲ್ಲ.

ಅದಕ್ಕೂ ಮೊದಲು ಮಾಸ್ಟ್ರು ಇನ್ನಂಜೆಯ ಕಡೆ ಗದ್ದೆಗಳ ನಡುವಿನ ಒಂದು ಖಾಸಗಿ ಕನ್ನಡ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ್ದರು. ಅವರ ದನಿ ಎಂಥದ್ದೆಂದರೆ, ಶಾಲೆಯ ಹಿಂದೆ ಭತ್ತದ ನೇಜಿ ನೆಡುತ್ತಿದ್ದ ಹೆಂಗಸರೂ ಸಪ್ತಮಿ ವಿಭಕ್ತಿಯವರೆಗೆ ಕಲಿತಿದ್ದರೆಂದು ಪ್ರತೀತಿ. ಹೆಂಗಸರು ಕಲಿತರು, ಮಕ್ಕಳು ಕಡಿಮೆಯಾದರು. ಕೊನೆಯ ವರ್ಷ ಒಂಬತ್ತನೆಯ ತರಗತಿಯಲ್ಲಿ ಇದ್ದದ್ದು ಇಬ್ಬರು. ಒಬ್ಬಳಿಗೆ ಜ್ವರ ಬಂದ ದಿನ ತರಗತಿಯೇ ಏಕವಚನಕ್ಕೆ ಇಳಿಯುತ್ತಿತ್ತು. ಶಾಲೆ ಮುಚ್ಚಿತು.

ಆಮೇಲೆ ಮೂರು ವರ್ಷ ಕಾರ್ಕಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿದ್ದರು. ಕಟಪಾಡಿಯಿಂದ ಶಿರ್ವ, ಬೆಳ್ಮಣ್ ದಾಟಿ ದಿನಾ ಬಸ್ಸು. ಹನ್ನೊಂದು ವರ್ಷದಿಂದ ಎಳೆದುಕೊಂಡು ಬಂದಿದ್ದ ಪಿಎಚ್.ಡಿ. ಪ್ರಬಂಧವನ್ನು ಮುಗಿಸಿದ್ದು ಆ ಬಸ್ಸಿನಲ್ಲೇ, ಡ್ರೈವರನ ಹಿಂದಿನ ಸೀಟಿನಲ್ಲಿ. ವಿಷಯ: 'ಕರಾವಳಿಯ ಕನ್ನಡದಲ್ಲಿ ಉಂಟು ಎಂಬ ಪದ: ಒಂದು ಅಧ್ಯಯನ'. ನಾನೂರ ಹನ್ನೆರಡು ಪುಟ. ಉಂಟು ಎಂದು ಅವರು ಸಾಬೀತು ಮಾಡುವ ಹೊತ್ತಿಗೆ ಕಾಲೇಜಿನಲ್ಲಿ ಕನ್ನಡದ ಕೋಣೆ ಇಲ್ಲವಾಗಿತ್ತು. ಅಲ್ಲಿ ಕಂಪ್ಯೂಟರುಗಳು ಬಂದು ಕೂತಿದ್ದವು. ಅತಿಥಿಯನ್ನು ಕೈಮುಗಿದು ಕಳಿಸಿದರು.

ಆಗ ಮಣಿಪಾಲದಿಂದ ಕಾವ್ಯ ಫೋನು ಮಾಡಿದಳು. ಇನ್ನಂಜೆಯಲ್ಲಿ ಮಾಸ್ಟ್ರ ಕೈಯಲ್ಲಿ ಕಲಿತವಳು. ಈಗ ಆನ್‌ಲೈನಿನಲ್ಲಿ ಪಾಠ ಹೇಳಿಸುವ ಒಂದು ಸಣ್ಣ ಕಂಪೆನಿ ನಡೆಸುತ್ತಿದ್ದಳು.

"ಸರ್, ಎರಡು ಕ್ಲಾಸು ಉಂಟು. ಸಂಜೆ ನಾಲ್ಕಕ್ಕೆ ಹತ್ತನೇ ಕ್ಲಾಸಿನ ಮಕ್ಕಳಿಗೆ ವ್ಯಾಕರಣ. ಐದಕ್ಕೆ ಇಲ್ಲಿನ ಮೆಡಿಕಲ್ ವಿದ್ಯಾರ್ಥಿಗಳಿಗೆ ಮಾತಾಡುವ ಕನ್ನಡ. ಎಲ್ಲ ಹೊರರಾಜ್ಯದವರು. ಪೇಷಂಟ್ ಹತ್ರ ಎಲ್ಲಿ ನೋವು ಅಂತ ಕೇಳ್ಲಿಕ್ಕೂ ಅವರಿಗೆ ಬರುದಿಲ್ಲ. ಮೂರು ತಿಂಗಳು ನೋಡುವ. ಸರಿಯಾದ್ರೆ ಕಾಯಂ."

"ಕಂಪ್ಯೂಟರಿನ ಒಳಗೆ ಪಾಠ ಮಾಡಿದ್ರೆ ಮಕ್ಕಳಿಗೆ ಕೇಳ್ತದಾ?" ಎಂದರು ಮಾಸ್ಟ್ರು.

"ಕೇಳ್ತದೆ ಸರ್. ಮೈಕ್ ಉಂಟಲ್ಲ."

ಮಾಸ್ಟ್ರಿಗೆ ಮೈಕಿನ ಮೇಲೆ ನಂಬಿಕೆ ಇರಲಿಲ್ಲ. ದನಿ ಇಲ್ಲದವರಿಗೆ ಮೈಕು ಎಂಬುದು ಅವರ ಅಭಿಪ್ರಾಯ. ಹೆಂಡತಿ ಶರ್ಮಿಳಾ ಮನೆಯಲ್ಲೇ ಬಟ್ಟೆ ಹೊಲಿಯುವವರು; ಅವರು ತಮ್ಮ ಹೊಲಿಗೆ ಮೆಷಿನ್ನಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕಿಟಕಿ ತೆರೆದು ಕೊಟ್ಟರು. ಮಾಸ್ಟ್ರು ಮೊದಲ ದಿನ ಕಾರ್ಕಳಕ್ಕೂ ಕೇಳುವ ಹಾಗೆ ಪಾಠ ಮಾಡಿದರು.

ಇನ್ನು ಬೋರ್ಡಿನ ಕಥೆ. ಪಿಎಚ್.ಡಿ. ಸರ್ಟಿಫಿಕೇಟು ಕೈಗೆ ಬಂದ ವಾರವೇ ಅವರು ಕಡಿಯಾಳಿಯ ಒಬ್ಬ ಬೋರ್ಡು ಕೆತ್ತುವವನಿಗೆ 'ಡಾ. ದೇಜಪ್ಪ, ಎಂ.ಎ., ಬಿ.ಎಡ್., ಪಿಎಚ್.ಡಿ.' ಎಂದು ಬರೆದುಕೊಟ್ಟಿದ್ದರು. ಅವನಿಗೆ ಜಾಗ ಸಾಕಾಗಲಿಲ್ಲ. 'ಡಾ. ದೇಜಪ್ಪ' ಎಂದು ಮೊಳದುದ್ದ ಕೆತ್ತಿ, ಡಿಗ್ರಿಗಳನ್ನೆಲ್ಲ ಇರುವೆ ಸಾಲಿನ ಹಾಗೆ ಕೆಳಗೆ ತುರುಕಿ, ಮೂಲೆಯಲ್ಲಿ ಒಂದು ಕೆಂಪು ಪ್ಲಸ್ ಗುರುತು ಹಾಕಿದ್ದ.

"ಇದೆಂತದು?" ಎಂದು ಮಾಸ್ಟ್ರು ಕೇಳಿದರು.

"ಡಾಕ್ಟ್ರ ಬೋರ್ಡಿಗೆ ಅದು ಫ್ರೀ ಸರ್."

ಬಿಟ್ಟಿ ಬಂದ ಅಲಂಕಾರವನ್ನು ಬೇಡವೆನ್ನಲು ಕನ್ನಡ ಮೇಷ್ಟರಿಗೆ ಮನಸ್ಸು ಬರುತ್ತದೆಯೇ? ಮನೆಗೆ ತಂದು ಗೇಟಿಗೆ ಸಿಕ್ಕಿಸಿದರು. ಪಾಠದ ಹೊತ್ತಿಗೆ ಬ್ಲೌಸು ಹೊಲಿಸಲು ಬರುವವರ ಮಾತು ಜೋರಾಗುತ್ತದೆಂದು ಶರ್ಮಿಳಾ ಅದರ ಕೆಳಗೆ ಒಂದು ರಟ್ಟು ಕಟ್ಟಿದರು: 'ಸಮಯ ಸಂಜೆ 4ರಿಂದ 6. ಆನ್‌ಲೈನ್ ಮಾತ್ರ. ಗಲಾಟೆ ಮಾಡಬಾರದು.'

ಇಷ್ಟಾದ ಮೇಲೆ ನಡೆದದ್ದಕ್ಕೆ ಊರವರನ್ನು ದೂರಿ ಪ್ರಯೋಜನವಿಲ್ಲ.

ಪಕ್ಕದ ಮನೆ ಜೋಕಿಮ್ ಅವರದು. ಮೂವತ್ತು ವರ್ಷ ಎಕ್ಸ್‌ಪ್ರೆಸ್ ಬಸ್ಸಿನ ಕ್ಲಚ್ ಒತ್ತಿ ಎಡಗಾಲಿನ ಗಂಟನ್ನು ಹೆದ್ದಾರಿಗೆ ಅರ್ಪಿಸಿ ನಿವೃತ್ತರಾದವರು. ಅವರ ಹೆಂಡತಿ ವಿಲ್ಮಾ ಒಂದು ಸಂಜೆ ಕಾಂಪೌಂಡಿನ ಬಳಿ ಬೆಡ್‌ಶೀಟ್ ಒಣಗಿಸುತ್ತಿದ್ದಾಗ ಮಾಸ್ಟ್ರ ಕಿಟಕಿಯಿಂದ ದನಿ ಬಂತು.

"ಎಲ್ಲಿ ನೋವು? ಎಷ್ಟು ದಿನದಿಂದ ಉಂಟು? ಹೊಟ್ಟೆ ಉರಿಯುತ್ತದಾ? ಮಲ ಸರಿಯಾಗಿ ಆಗ್ತದಾ?"

ಒಂದೊಂದು ಪ್ರಶ್ನೆಯನ್ನೂ ಮಾಸ್ಟ್ರು ಒಬ್ಬೊಬ್ಬ ವಿದ್ಯಾರ್ಥಿಯ ಬಾಯಲ್ಲಿ ಹೇಳಿಸಿ, ತಾವು ಮತ್ತೆ ಹೇಳಿ ತಿದ್ದುತ್ತಿದ್ದರು. ವಿಲ್ಮಾ ಎಣಿಸಿದರು. ಹತ್ತು ಸಲ. ಬೆಡ್‌ಶೀಟನ್ನು ಅಲ್ಲೇ ಬಿಟ್ಟು ಒಳಗೆ ಓಡಿದರು.

"ಜೋಕಿಮ್, ನಮ್ಮ ಮಾಸ್ಟ್ರು ಅರ್ಧ ಗಂಟೆಯಲ್ಲಿ ಹತ್ತು ಜನರ ಹೊಟ್ಟೆ ನೋಡಿದ್ರು!"

"ಹತ್ತು ಜನ ಎಲ್ಲಿಂದ ಬಂದ್ರು? ಗೇಟಿನಿಂದ ಒಂದು ನಾಯಿ ಕೂಡ ಒಳಗೆ ಹೋಗ್ಲಿಲ್ಲ."

"ಆನ್‌ಲೈನ್ ಮಾರಾಯ್ರೆ! ಬೋರ್ಡು ಓದ್ಲಿಲ್ವಾ? ಪ್ಲಸ್ ಕೂಡ ಉಂಟು."

ಜೋಕಿಮ್ ತಮ್ಮ ಎಡಗಾಲಿನ ಗಂಟನ್ನು ನೋಡಿದರು. ಗಂಟು ಅವರನ್ನು ನೋಡಿತು.

ಸುದ್ದಿ ಮಾರ್ಕೆಟ್ಟಿಗೆ ಮುಟ್ಟಲು ವಿಲ್ಮಾ ಮರುದಿನ ಮೀನು ತರಲು ಹೋಗುವುದಷ್ಟೇ ಬಾಕಿ. ಮಾರ್ಕೆಟ್ಟಿನಲ್ಲಿ ಬಂಗುಡೆ ಬುಟ್ಟಿಯ ಹಿಂದೆ ಕೂತಿದ್ದವರು ಕಮಲಕ್ಕ, ಮಾಸ್ಟ್ರ ಒಡಹುಟ್ಟಿದ ಅಕ್ಕ. ಈ ಕಥೆಯಲ್ಲಿ ಯಾರಾದರೂ ನಿಜವಾಗಿ ಖುಷಿಪಟ್ಟಿದ್ದರೆ ಅದು ಕಮಲಕ್ಕ. ಅಪ್ಪ ದೋಣಿ ಸಮೇತ ಕಡಲಪಾಲಾದ ವರ್ಷ ಅವರು ನಾಲ್ಕನೇ ಕ್ಲಾಸು ಬಿಟ್ಟು ಬುಟ್ಟಿ ಹೊತ್ತದ್ದು ತಮ್ಮ ಓದಲಿ ಎಂದು. ಓದಿದರೆ ಸಾಲದು, ಡಾಕ್ಟರಾಗಬೇಕು. ಆ ತಮ್ಮ ಪಿಯುಸಿಯಲ್ಲಿ ವಿಜ್ಞಾನ ಬಿಟ್ಟು ಕಲೆಗೆ ಹಾರಿದ್ದನ್ನು ಅಕ್ಕನಿಗೆ ಹೇಳಲು ಧೈರ್ಯ ಸಾಲದೆ ಮೂವತ್ತೈದು ವರ್ಷ ಕಳೆದಿತ್ತು; ಮೇಷ್ಟ್ರ ಕೆಲಸ ಹೊಟ್ಟೆಪಾಡಿಗೆ, ಡಾಕ್ಟರಿಕೆಯ ಓದು ಇನ್ನೂ ನಡೆದಿದೆ ಎಂದೇ ಅಕ್ಕ ತಿಳಿದಿದ್ದರು. ಹೋದ ತಿಂಗಳು ಸರ್ಟಿಫಿಕೇಟು ಬಂದಾಗ "ಅಕ್ಕ, ನನಗೆ ಡಾಕ್ಟರೇಟ್ ಬಂತು" ಎಂದಿದ್ದರು.

"ಡಾಕ್ಟ್ರಾದ್ಯಾ?"

"ಹ್ಞಾಂ... ಒಂದು ಲೆಕ್ಕದಲ್ಲಿ."

ಲೆಕ್ಕ ಯಾವುದೆಂದು ಕಮಲಕ್ಕ ಕೇಳಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, "ಸ್ವಲ್ಪ ಲೇಟಾಯ್ತು. ಅಡ್ಡಿಲ್ಲ" ಎಂದಿದ್ದರು. ಈಗ ವಿಲ್ಮಾ ಬಂದು ಹತ್ತು ಹೊಟ್ಟೆಯ ವರದಿ ಕೊಟ್ಟಾಗ ಅವರು ಎದ್ದು ನಿಂತು ಇಡೀ ಸಾಲಿಗೆ ಕೇಳುವಂತೆ ಹೇಳಿದರು:

"ಸಂಜೆ ನಾಲ್ಕರಿಂದ ಆರು. ಯಾರಿಗೆಲ್ಲ ನೋವು ಉಂಟು, ಬನ್ನಿ. ನನ್ನ ತಮ್ಮನ ದನಿ ಕೇಳಿದ್ರೇ ಅರ್ಧ ಗುಣ ಆಗ್ತದೆ."

ಆ ದಿನ ಸಂಜೆ ಐದು ದಾಟುತ್ತಲೇ ಎಲ್ಲರಿಗಿಂತ ಮೊದಲು ಬಂದವರು ಜೋಕಿಮ್. ಕಂಕುಳಲ್ಲಿ ಎಕ್ಸ್‌ರೇ. ಪಾಠ ನಡೆಯುತ್ತಿದ್ದುದರಿಂದ ಮಾಸ್ಟ್ರು ಮಾತಾಡದೆ ಪಕ್ಕದ ಕುರ್ಚಿ ತೋರಿಸಿದರು. ಜೋಕಿಮ್ ಕೂತದ್ದು ನೇರ ಕ್ಯಾಮೆರಾದ ಎದುರಿಗೆ. ಪರದೆಯ ಮೇಲಿದ್ದ ಹತ್ತು ಮುಖಗಳು ಅರಳಿದವು. ಸರ್ ಇವತ್ತು ಅಭ್ಯಾಸಕ್ಕೆ ನಟನೊಬ್ಬನನ್ನು ಕರೆಸಿದ್ದಾರೆಂದು ಅವರು ತಿಳಿದರು.

"ನಮಸ್ಕಾರ, ನಿಮಗೆ ಎಲ್ಲಿ ನೋವು?" ಎಂದಳು ಕೇರಳದ ಸ್ಯಾಂಡ್ರಾ, ಒಂದೊಂದೇ ಅಕ್ಷರವನ್ನು ಮುಳ್ಳು ತೆಗೆದ ಹಾಗೆ ತೆಗೆದು.

"ಗಂಟು ಮಗಳೇ. ಎಡದ್ದು. ಕ್ಲಚ್ಚಿನದ್ದು."

ಪಂಜಾಬಿನ ಹುಡುಗನೊಬ್ಬ ತನ್ನ ಪುಸ್ತಕ ನೋಡಿಕೊಂಡು ಗಂಭೀರವಾಗಿ ಕೇಳಿದ: "ನಿಮ್ಮ ಗಂಟು ರಾತ್ರಿ ಎಷ್ಟು ಗಂಟೆಗೆ ಮಲಗುತ್ತದೆ?"

"ಅದು ಮಲಗುದೇ ಇಲ್ಲ ಮಾರಾಯ! ಅದೇ ಅಲ್ವಾ ತೊಂದರೆ!"

ಹತ್ತು ಮಂದಿ ಸರದಿಯಲ್ಲಿ ಕೇಳಿದರು. ಹತ್ತು ಮಂದಿಗೂ ಜೋಕಿಮ್ ಉತ್ತರ ಕೊಟ್ಟರು. ಕ್ಲಚ್ಚಿನಿಂದ ಹಿಡಿದು ತಮ್ಮ ಮೊದಲ ಬಸ್ಸಿನ ಮಾಲೀಕನ ಸ್ವಭಾವದವರೆಗೆ. ಮಾಸ್ಟ್ರಿಗೆ ಬೆವರು. ನಡುವೆ ತಡೆಯೋಣವೆಂದರೆ ಪಾಠ ಹಿಂದೆಂದೂ ಇಷ್ಟು ಚೆನ್ನಾಗಿ ನಡೆದಿರಲಿಲ್ಲ. ಕೊನೆಗೆ ಸ್ಯಾಂಡ್ರಾ, "ಆಸ್ಪತ್ರೆಗೆ ಬಂದು ತೋರಿಸಿ" ಎಂಬ ಪಾಠದ ಕೊನೆಯ ವಾಕ್ಯ ಹೇಳಿ ಮುಗಿಸಿದಳು.

ಜೋಕಿಮ್ ಕುಂಟುತ್ತಾ ಮನೆಗೆ ಹೋಗಿ ಹೆಂಡತಿಗೆ ಹೇಳಿದರು: "ಹತ್ತು ಡಾಕ್ಟ್ರು ವಿಲ್ಮಾ! ಒಟ್ಟಿಗೆ! ಒಬ್ಬರೂ ಗಡಿಯಾರ ನೋಡ್ಲಿಲ್ಲ. ಮದುವೆಯಾದ ಮೇಲೆ ನನ್ನ ಮಾತನ್ನು ಇಷ್ಟು ಹೊತ್ತು ಯಾರೂ ಕೇಳ್ಲಿಲ್ಲ."

ಮರುದಿನ ಅಂಗಳದಲ್ಲಿ ಒಂಬತ್ತು ಜನ. ಅದರ ಮರುದಿನ ಹದಿನೇಳು. ಕಾಪುವಿನಿಂದ ಬಲೆ ನೇಯುವವರು, ಕಟಪಾಡಿ ಪೇಟೆಯ ರಿಕ್ಷಾದವರು. ಗಲಾಟೆ ಮಾಡಬಾರದೆಂದು ಬರೆದಿದ್ದರಿಂದ ಎಲ್ಲರೂ ಪಿಸುಮಾತಿನಲ್ಲಿ ತಂತಮ್ಮ ಕಾಯಿಲೆ ಹೇಳಿಕೊಳ್ಳುತ್ತಿದ್ದರು. ಕಮಲಕ್ಕ ಮೀನು ಸುತ್ತುವ ಕಾಗದ ಹರಿದು ನಂಬರು ಬರೆದು ಹಂಚಿದರು.

ಮಾಸ್ಟ್ರು ಹೊರಗೆ ಬಂದು ಅಕ್ಕನನ್ನು ದಾಸವಾಳದ ಗಿಡದ ಹಿಂದೆ ಕರೆದರು.

"ಅಕ್ಕ, ನಾನು ಹೇಳುದು ಕೇಳು. ನಾನು ಕನ್ನಡದ ಡಾಕ್ಟ್ರು."

"ಕನ್ನಡದಲ್ಲೇ ನೋಡು ಮಾರಾಯ. ಇಲ್ಲಿ ಇಂಗ್ಲಿಷ್ ಯಾರಿಗೆ ಬೇಕು?"

"ಹಾಗಲ್ಲ. ನಾನು ಔಷಧಿ ಕೊಡುದಿಲ್ಲ."

"ಒಳ್ಳೇದೇ ಆಯ್ತು. ಔಷಧಿ ಕೊಡದ ಡಾಕ್ಟ್ರು ಬಹಳ ದೊಡ್ಡ ಡಾಕ್ಟ್ರು. ಹೋಗು, ನಾಲ್ಕನೇ ನಂಬರಿನವಳಿಗೆ ಬಸ್ಸಿಗೆ ಹೊತ್ತಾಗ್ತದೆ."

ಅಕ್ಕನ ಮುಖ ದೀಪದ ಹಾಗಿತ್ತು. ಅದನ್ನು ಊದಿ ಆರಿಸುವ ಗಂಡಸು ಕಟಪಾಡಿಯಲ್ಲಿ ಹುಟ್ಟಿರಲಿಲ್ಲ. ಮಾಸ್ಟ್ರು ಒಳಗೆ ಹೋಗಿ ಬಂದವರನ್ನು ಕೂರಿಸಿ, ಪರದೆಯ ಮಕ್ಕಳಿಂದ ಪ್ರಶ್ನೆ ಕೇಳಿಸಿ, "ಆಸ್ಪತ್ರೆಗೆ ಹೋಗಿ, ಇವತ್ತೇ ಹೋಗಿ" ಎಂದು ಕೈಮುಗಿದು ಕಳಿಸಿದರು. ಜನ ಹೋದರು. ಮೂರು ವರ್ಷದಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದವರೂ, ಡಾಕ್ಟ್ರೇ ಹೇಳಿದ್ದಾರೆಂದು ಹೋದರು. ಅಲ್ಲಿ ಯಾರು ಕಳಿಸಿದ್ದೆಂದು ಕೇಳಿದರೆ "ಕಟಪಾಡಿಯ ಡಾಕ್ಟರ್ ದೇಜಪ್ಪ" ಎನ್ನುತ್ತಿದ್ದರು. ಅಂಥ ಹೆಸರಿನ ಡಾಕ್ಟರು ಯಾವ ಪಟ್ಟಿಯಲ್ಲೂ ಇಲ್ಲದ್ದರಿಂದ ಯಾರೋ ಒಂದು ಅರ್ಜಿ ಗೀಚಿದರು. ಹೀಗೆ ತನಿಖೆಗೆಂದು ಬಂದವರು ಹೆಲ್ತ್ ಇನ್‌ಸ್ಪೆಕ್ಟರ್ ಗುರಲಿಂಗಪ್ಪ.

ಗುರಲಿಂಗಪ್ಪ ಗದಗದ ಕಡೆಯವರು. ವರ್ಗವಾಗಿ ಬಂದು ಏಳು ತಿಂಗಳಾಗಿತ್ತು. ಆಫೀಸಿನಲ್ಲಿ ಎಲ್ಲರೂ ಅವರನ್ನು ಗುರು ಎಂದೇ ಕರೆಯುತ್ತಿದ್ದರು. ಬಹಳ ಕಟ್ಟುನಿಟ್ಟಿನ ಮನುಷ್ಯ. ನಕಲಿ ಡಾಕ್ಟರನ್ನು ಸಾಕ್ಷಿ ಸಮೇತ ಹಿಡಿಯಬೇಕೆಂದು ನಾಲ್ಕೂವರೆಗೆ ಹಿತ್ತಿಲಿನಿಂದ ಬಂದು, ಕಿಟಕಿಯ ಕೆಳಗೆ ಪಪ್ಪಾಯಿ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಟ್‌ಬುಕ್ ತೆಗೆದರು.

ಒಳಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಛಂದಸ್ಸಿನ ಪಾಠ ನಡೆದಿತ್ತು.

"ಲಘುವಿಗೆ ಎಷ್ಟು ಮಾತ್ರೆ? ಒಂದು! ಗುರುವಿಗೆ? ಎರಡು ಮಾತ್ರೆ!"

ಗುರಲಿಂಗಪ್ಪನವರ ಪೆನ್ನು ನಿಂತಿತು. ನಾನು ಬಂದದ್ದು ಇವರಿಗೆ ಹೇಗೆ ಗೊತ್ತಾಯಿತು?

"ಮತ್ತೆ ಹೇಳ್ತೇನೆ, ಕೇಳಿ. ಗುರು ಬಂದ ಕೂಡಲೇ ಎರಡು ಮಾತ್ರೆ ಹಾಕಿಬಿಡಬೇಕು. ಯೋಚನೆ ಮಾಡ್ತಾ ಕೂರಬಾರದು!"

ಗುರಲಿಂಗಪ್ಪ ಸುತ್ತಲೂ ನೋಡಿದರು. ಪಪ್ಪಾಯಿ ಗಿಡ ಬಿಟ್ಟರೆ ಯಾರೂ ಇರಲಿಲ್ಲ.

"ನಾಲ್ಕು ಮಾತ್ರೆ ಆಯ್ತಾ? ಈಗ ಗೆರೆ ಎಳೆದು ಕತ್ತರಿಸಿ! ಹಾಂ, ಹಾಗೆ! ನೋಡು, ಎಷ್ಟು ಚೆಂದ ಕತ್ತರಿಸಿದ್ದಾಳೆ ಈ ಹುಡುಗಿ!"

'ಆಪರೇಶನ್ ಸೈತ ಮಾಡತಾರ' ಎಂದು ಗುರಲಿಂಗಪ್ಪ ಬರೆದುಕೊಂಡರು.

"ಇನ್ನು ಹಳೆಯ ಪಾಠ. 'ಘ'ದಿಂದ ಮಹಾಪ್ರಾಣ ತೆಗೆದರೆ ಏನು ಉಳಿಯುತ್ತದೆ? ಅಲ್ಪಪ್ರಾಣ! ಸಾಕು. ಗುರು ಒಂದು ಬಾಕಿ ಉಂಟು, ನಾಳೆ ಮುಗಿಸಿಬಿಡುವ."

ಗುರಲಿಂಗಪ್ಪ ನಾಳೆಯವರೆಗೆ ಕಾಯಲಿಲ್ಲ. ಒಂದೇ ನೆಗೆತಕ್ಕೆ ಅಂಗಳಕ್ಕೆ ಬಂದು, ಸಾಲಿನಲ್ಲಿ ಕೂತವರನ್ನು ದಾಟಿ ಒಳಗೆ ನುಗ್ಗಿದರು.

"ಎಲ್ಲಾರೂ ಇದ್ದಲ್ಲೇ ನಿಂದರ್ರಿ! ಏನ್ರೀ ಇದು? ದವಾಖಾನಿಯೋ, ಕಟುಕರ ಅಂಗಡಿಯೋ?"

ಅಂಗಳದ ಇಪ್ಪತ್ತು ಮಂದಿ ಬಾಗಿಲಿಗೆ ಮುತ್ತಿದರು. ಕಮಲಕ್ಕ ಎಲ್ಲರಿಗಿಂತ ಮುಂದೆ.

"ನಂಬರ್ ಉಂಟಾ ನಿಮ್ಗೆ?"

"ಎಂಥಾ ನಂಬರ್ರೀ? ನಾ ಸರ್ಕಾರದಾಂವ!"

"ಸರ್ಕಾರದವರಿಗೂ ಇಪ್ಪತ್ತೊಂದನೇ ನಂಬರೇ. ಹೊರಗೆ ಕೂತ್ಕೊಳ್ಳಿ."

ಗುರಲಿಂಗಪ್ಪ ನೋಟ್‌ಬುಕ್ ತೆರೆದು ಕೋರ್ಟಿನ ಧಾಟಿಯಲ್ಲಿ ಓದಿದರು. "ನಾಲ್ಕು ಮೂವತ್ತೊಂದಕ್ಕ, ಗುರುವಿಗೆ ಎರಡು ಮಾತ್ರೆ ಹಾಕ್ಬೇಕು ಅಂದೀರಿ. ನಾಲ್ಕು ಮೂವತ್ತಾರಕ್ಕ, ಕತ್ತರಿಸ್ರಿ ಅಂದೀರಿ. ನಾಲ್ಕು ನಲವತ್ತಕ್ಕ, ಪ್ರಾಣ ತಗೀರಿ ಅಂದೀರಿ. ಅಂದೀರಿಲ್ಲೋ?"

"ಎರಡು ಮಾತ್ರೆಯಲ್ಲಿ ಯಾರೂ ಸಾಯುದಿಲ್ಲ ಮಾರಾಯ್ರೆ," ಎಂದು ಜೋಕಿಮ್ ಸಮಾಧಾನ ಹೇಳಿದರು. "ನಾನು ದಿನಾ ನಾಲ್ಕು ತಗೊಳ್ತೇನೆ."

"ಸ್ವಾಮೀ, ಅದು ಛಂದಸ್ಸು," ಎಂದರು ದೇಜಪ್ಪ ಮಾಸ್ಟ್ರು. "ಆ ಮಾತ್ರೆ ಮನುಷ್ಯರಿಗಲ್ಲ, ಅಕ್ಷರಕ್ಕೆ."

"ಅಕ್ಷರಕ್ಕ ಏನ್ ಬ್ಯಾನಿ ಬಂದಿತ್ರೀ?"

ಮಾಸ್ಟ್ರು ಪುಸ್ತಕ ತೆಗೆದು ಲಘು ಗುರು ತೋರಿಸಿದರು. ಪ್ರಬಂಧ ತೆಗೆದು ನಾನೂರ ಹನ್ನೆರಡು ಪುಟ ತೋರಿಸಿದರು. ಗುರಲಿಂಗಪ್ಪ ಅಲ್ಲಲ್ಲಿ ತಿರುವಿ ನೋಡಿದರು. ಎಲ್ಲಿ ನೋಡಿದರೂ ಉಂಟು, ಉಂಟು, ಉಂಟು ಎಂದೇ ಇತ್ತು.

"ಇದೆಲ್ಲ ಇರ್ಲಿ. ಹೊರಗ ಇಷ್ಟ ಮಂದಿ ಯಾಕ ಕುಂತಾರ? ಬೋರ್ಡಿನ್ಯಾಗ ಡಾಕ್ಟರ್ ಅಂತ ಯಾಕ ಐತಿ? ಒಂದ ಮಾತಿನ್ಯಾಗ ಹೇಳ್ರಿ. ನೀವು ಡಾಕ್ಟರ್ ಹೌದೋ ಅಲ್ಲೋ?"

ಬಾಗಿಲಲ್ಲಿ ಕಮಲಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು. "ಹೇಳು ದೇಜು. ಹೌದು ಅಂತ ಹೇಳು."

ಊರಿಗೆಲ್ಲ ಕೇಳುತ್ತಿದ್ದ ಮಾಸ್ಟ್ರ ದನಿ ಆಗ ಎದುರಿಗಿದ್ದ ಹೊಲಿಗೆ ಮೆಷಿನ್ನಿಗೂ ಸರಿಯಾಗಿ ಕೇಳಲಿಲ್ಲ.

"ಅಲ್ಲ. ಮದ್ದು ಕೊಡುವ ಡಾಕ್ಟ್ರಲ್ಲ. ಪಿಯುಸಿಯಲ್ಲೇ ನಾನು ಸಯನ್ಸ್ ಬಿಟ್ಟಿದ್ದೆ ಅಕ್ಕ. ನಿನಗೆ ಹೇಳ್ಲಿಕ್ಕೆ ಹೆದರಿಕೆ ಆಯ್ತು. ನಾನು ಭಾಷೆ ಓದಿದ್ದು. ಮಾತಿನ ಬಗ್ಗೆ. ಅದಕ್ಕೂ ಡಾಕ್ಟರ್ ಅಂತ ಕೊಡ್ತಾರೆ."

ಅಂಗಳದಲ್ಲಿ ಯಾರೋ ತಮ್ಮ ನಂಬರಿನ ಚೀಟಿಯನ್ನು ಮಡಚುವ ಸದ್ದು ಕೇಳಿತು. ಕಮಲಕ್ಕ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರು ಬೈದಿದ್ದರೆ ಮಾಸ್ಟ್ರಿಗೆ ಎಷ್ಟೋ ಸುಖವಾಗುತ್ತಿತ್ತು.

ಅಷ್ಟರಲ್ಲಿ ಐದು ಗಂಟೆಯಾಯಿತು. ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಮುಖ ಮೂಡಿ, "ನಮಸ್ಕಾರ ಸರ್! ಎಲ್ಲಿ ನೋವು?" ಎಂದು ಸ್ಯಾಂಡ್ರಾಳ ದನಿ ಬಂತು. ಅದು ಆ ವಾರದಲ್ಲಿ ಅವರ ನಡುವೆ ಬೆಳೆದಿದ್ದ ತಮಾಷೆ.

"ಇವರ್ಯಾರು? ಇವರೂ ಪೇಷಂಟೋ?"

"ಅಲ್ಲ ಸ್ವಾಮೀ. ಇವರೇ ನಿಜವಾದ ಡಾಕ್ಟ್ರಾಗುವವರು. ರೋಗಿಗಳ ಹತ್ರ ಹೇಗೆ ಮಾತಾಡುದು ಅಂತ ನಾನು ಇವರಿಗೆ ಕಲಿಸುದು. ಅಷ್ಟೇ ನನ್ನ ಕೆಲಸ."

"ಹಂಗಾದ್ರ ಪರೀಕ್ಷಾ ಮಾಡೇ ಬಿಡೂಣು." ಗುರಲಿಂಗಪ್ಪ ಕುರ್ಚಿ ಎಳೆದು ಪರದೆಯ ಎದುರು ಕೂತರು. "ಏನವಾ, ನನಗ ಹೊಟ್ಟ್ಯಾಗ ಕಳ್ಳು ಕಿತ್ತು ಬಂದಂಗ ಆಗತೈತಿ. ಏನ್ ಕೇಳ್ತಿ, ಕೇಳು."

ಸ್ಯಾಂಡ್ರಾ ಪುಸ್ತಕ ನೋಡಿದಳು. ಅವಳಿಗೆ ಕಳ್ಳು ಎಂಬ ಪದ ಚೆನ್ನಾಗಿ ಗೊತ್ತಿತ್ತು; ಅವಳ ಊರಲ್ಲೂ ಅದೇ ಪದ. ಮುಖ ಗಂಭೀರ ಮಾಡಿ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದಳು: "ದಿನಾ ಎಷ್ಟು ಕುಡಿಯುತ್ತೀರಿ?"

ಅಂಗಳದವರು ಬಿದ್ದು ಬಿದ್ದು ನಕ್ಕರು. ಗುರಲಿಂಗಪ್ಪ ಮಾತ್ರ ನಗಲಿಲ್ಲ. ಎದ್ದು ನಿಂತುಬಿಟ್ಟರು.

"ಇದ! ಇದ ಮಾತು ಕೇಳಿದ್ರು ನಮ್ಮನಿಯಾಕಿಗೆ!"

ಆಮೇಲೆ ಅವರು ಹೇಳಿದ್ದನ್ನು ಇಪ್ಪತ್ತು ಮಂದಿಯೂ ನಗು ನಿಲ್ಲಿಸಿ ಕೇಳಿದರು. ಅವರ ಹೆಂಡತಿ ರೇಣುಕವ್ವ ನಾಲ್ಕು ತಿಂಗಳ ಹಿಂದೆ ಹೊಟ್ಟೆನೋವೆಂದು ಒಂದು ಕಡೆ ತೋರಿಸಲು ಹೋಗಿದ್ದರು. ಕಳ್ಳು ಕಿತ್ತು ಬರುತ್ತದೆ ಎಂದರು. ಅಲ್ಲಿದ್ದ ಎಳೆಯ ಡಾಕ್ಟರು ಕುಡಿತ ಬಿಡಿ ಎಂದು ಬುದ್ಧಿ ಹೇಳಿ ಚೀಟಿಯಲ್ಲೂ ಬರೆದುಕೊಟ್ಟರು. ಚಹಾ ಕೂಡ ಕುಡಿಯದ ಹೆಣ್ಣುಮಗಳು. "ಆವತ್ತಿನಿಂದ ದವಾಖಾನಿ ಅಂದ್ರ ಸಾಕು, ಬಾಗಲಾ ಹಾಕ್ಕೋತಾಳ್ರೀ. ಹೊಟ್ಟಿ ಹಿಡ್ಕೊಂಡು ಕೂಡ್ತಾಳ, ಬರಂಗಿಲ್ಲ ಅಂತಾಳ. ನಾ ಹೆಲ್ತ್ ಇನ್‌ಸ್ಪೆಕ್ಟರ್! ಯಾರ ಮುಂದ ಹೇಳ್ಲಿ?"

ದೇಜಪ್ಪ ಮಾಸ್ಟ್ರ ದನಿ ಅಷ್ಟು ಹೊತ್ತಿಗೆ ಮರಳಿ ಬಂತು. ತರಗತಿಯಲ್ಲಿ ತಪ್ಪೊಂದು ಕಾಣಿಸಿದರೆ ಅವರಿಗೆ ಬೇರೆಲ್ಲ ಮರೆತುಹೋಗುತ್ತದೆ.

"ಎಲ್ಲರೂ ಬರೆದುಕೊಳ್ಳಿ! ನಮ್ಮಲ್ಲಿ ಕಳ್ಳು ಅಂದ್ರೆ ಮರದಿಂದ ಇಳಿಸುವುದು. ಸಾಹೇಬರ ಊರಿನಲ್ಲಿ ಕಳ್ಳು ಅಂದ್ರೆ ಕರುಳು. ಹೊಟ್ಟೆಯೊಳಗಿನ ಕರುಳು! ಒಂದೇ ಪದ, ಎರಡು ಅರ್ಥ. ಪೇಷಂಟ್ ಯಾವ ಊರಿನವರು ಅಂತ ಮೊದಲು ಕೇಳಿ. ಆಮೇಲೆ ಬೈಯಿರಿ!"

ಸ್ಯಾಂಡ್ರಾ ಕೆಂಪಾದಳು. "ಕ್ಷಮಿಸಿ ಸರ್," ಎಂದಳು ಗುರಲಿಂಗಪ್ಪನವರಿಗೆ. "ಸೋಮವಾರ ಅವರನ್ನು ಮಣಿಪಾಲಕ್ಕೆ ಕರಕೊಂಡು ಬನ್ನಿ. ನಮ್ಮ ದೊಡ್ಡ ಡಾಕ್ಟರ್ ನೋಡುತ್ತಾರೆ. ನಾನು ಬಾಗಿಲಲ್ಲಿ ನಿಂತಿರುತ್ತೇನೆ. ನಾನೇ ಸರಿಯಾಗಿ ಕೇಳುತ್ತೇನೆ."

ಇನ್‌ಸ್ಪೆಕ್ಟರು ನೋಟ್‌ಬುಕ್ ಮುಚ್ಚಿ ಕಿಸೆಗೆ ಹಾಕಿಕೊಂಡರು. "ಮೊದಲ ಆ ಪ್ಲಸ್ ಮಾರ್ಕ್ ಕಿತ್ತು ಒಗೀರಿ. ಪಿಎಚ್.ಡಿ. ಅನ್ನೂದು ದೊಡ್ಡದಾಗಿ ಬರಸ್ರಿ. ರಿಪೋರ್ಟ್ ನಾ ಬರ್ಕೋತೀನಿ," ಎಂದು ಹೇಳಿ, ಹೊರಡದೆ ಮತ್ತೆ ಅದೇ ಕುರ್ಚಿಯಲ್ಲಿ ಕೂತರು. "ಮುಂದ ಏನ್ ಕಲಸ್ತೀರಿ, ಕಲಸ್ರಿ. ಕೇಳ್ತೀನಿ."

ಮುಂದೆ ಸೊಂಟ. ಪಂಜಾಬಿನ ಹುಡುಗ ಅದನ್ನು "ಸುಂಟ" ಎಂದ. ಮಾಸ್ಟ್ರು ತಿದ್ದಿದರು. ಮತ್ತೆ "ಸೂಂಟ" ಎಂದ. ಮೂರನೆಯ ಸಲ ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಬಳಿಯ ಸ್ಟೂಲು ಕಿರುಗುಟ್ಟಿತು. ಕಮಲಕ್ಕ ಎದ್ದು ಬಂದು, ತಮ್ಮನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ ಪರದೆಗೆ ಮುಖ ಕೊಟ್ಟರು.

"ಎಂತ ಮಗ ನಿಂದು, ಸುಂಟ ಗಿಂಟ? ಸೊಂಟ! ನಲವತ್ತೈದು ವರ್ಷ ಬುಟ್ಟಿ ಹೊತ್ತದ್ದು ಈ ಸೊಂಟದಲ್ಲಿ. ಹೇಳು. ಬಾಯಿ ಬಳೆಯ ಹಾಗೆ ಉರುಟು ಮಾಡು. ಸೊಂ!"

"ಸೊಂ!" ಎಂದವು ಹತ್ತು ಬಾಯಿಗಳು.

"ಸೊಂಟ ಕಡಿತದಾ ಅಂತ ಕೇಳ್ಬೇಕು. ನೋವು ಉಂಟಾ ಅಂತ ಕೇಳಿದ್ರೆ ನಮ್ಮ ಹೆಂಗಸರು ಇಲ್ಲ ಅಂತಾರೆ. ನೋವು ಅಂದ್ರೆ ಬಿದ್ದು ಮಲಗಿದ ಮೇಲೆ ಬರುದು. ಕಡಿತದಾ, ಸೆಳೀತದಾ, ಚಳುಕು ಹೊಡೀತದಾ? ಹೀಗೆ ಕೇಳು, ಹೌದು ಅಂತಾರೆ."

ಸ್ಯಾಂಡ್ರಾ ತಲೆ ಬಗ್ಗಿಸಿ ಬರೆಯುತ್ತಲೇ ಇದ್ದಳು. "ಟೀಚರ್, ಇನ್ನೊಂದು ಸಲ ಹೇಳಿ," ಎಂದಳು.

ಕಮಲಕ್ಕ 'ಟೀಚರ್' ಯಾರೆಂದು ಹಿಂದೆ ತಿರುಗಿ ನೋಡಿದರು. ಹಿಂದೆ ತಮ್ಮ ಬಿಟ್ಟರೆ ಯಾರೂ ಇರಲಿಲ್ಲ. ತಮ್ಮ ತಲೆಯಾಡಿಸಿದ. ಕಮಲಕ್ಕ ಸೆರಗು ಸರಿಮಾಡಿಕೊಂಡು, ಸ್ಟೂಲು ಹತ್ತಿರ ಎಳೆದು ಕೂತರು. ಆ ದಿನ ಪಾಠ ಮುಗಿದದ್ದು ಏಳು ಗಂಟೆಗೆ. ಅಂಗಳದವರು ಸರದಿಯಲ್ಲಿ ಬಂದು ತಂತಮ್ಮ ನೋವಿನ ಹೆಸರು ಹೇಳಿಕೊಟ್ಟು ಹೋದರು.

ಮನೆಗೆ ಹೊರಡುವಾಗ ಕಮಲಕ್ಕ ಗೇಟಿನ ಬಳಿ ನಿಂತು ತಮ್ಮನಿಗೆ ಹೇಳಿದ್ದು ಇಷ್ಟೇ: "ಮೂವತ್ತೈದು ವರ್ಷ ನನಗೆ ಹೆದರಿಕೊಂಡು ಕೂತಿದ್ದಿಯಾ? ನಾನೆಂತ ಹುಲಿಯಾ? ಡಾಕ್ಟ್ರುಗಳಿಗೇ ಕಲಿಸುವವ ಅಂತ ಮೊದಲೇ ಹೇಳ್ಬಾರ್ದಿತ್ತಾ? ಅದು ಡಾಕ್ಟ್ರಿಗಿಂತ ಒಂದು ಮೆಟ್ಟಿಲು ಮೇಲೆ ಅಲ್ವಾ?"

ಮರುದಿನ ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಆ ಸುದ್ದಿಯೇ ನಡೆಯಿತು. ದೇಜಪ್ಪ ಡಾಕ್ಟ್ರಲ್ಲವಂತೆ, ಡಾಕ್ಟ್ರುಗಳ ಮಾಸ್ಟ್ರಂತೆ. ಮಾಸ್ಟ್ರ ಗೌರವ ಇಳಿಯಲಿಲ್ಲ. ಬಂಗುಡೆಯ ರೇಟು ಮಾತ್ರ ಸ್ವಲ್ಪ ಏರಿತು.

ಕಳ್ಳು ಅಂದರೇನೆಂದು ಅಲ್ಲಿ ಈಗ ಗೊತ್ತಿದೆಯೆಂದು ಗಂಡ ಹೇಳಿದ ಮೇಲೆ ರೇಣುಕವ್ವ ಸೋಮವಾರ ಮಣಿಪಾಲಕ್ಕೆ ಹೋದರು. ಸ್ಯಾಂಡ್ರಾ ಹೇಳಿದಂತೆ ಬಾಗಿಲಲ್ಲೇ ಇದ್ದಳು. "ಯವ್ವಾ, ಕಳ್ಳು ಕಿತ್ತು ಬಂದಂಗ ಆಗತೈತೇನು?" ಎಂದು ಅವಳು ಕೇಳಿದಾಗ ರೇಣುಕವ್ವ ನಾಲ್ಕು ತಿಂಗಳ ಮಾತನ್ನೆಲ್ಲ ಒಂದೇ ಉಸಿರಿಗೆ ಹೇಳಿ ಅತ್ತು ಹಗುರಾದರು. ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಮದ್ದಿಗೆ ಗುಣವಾಯಿತು. ಗುರಲಿಂಗಪ್ಪನವರ ಮನೆಯಿಂದ ಮಾಸ್ಟ್ರ ಮನೆಗೆ ಇಪ್ಪತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಂತು. ಜೋಕಿಮ್ ಮೂರು ರೊಟ್ಟಿ ತಿಂದು, ಇದು ಹಲ್ಲಿನ ಡಾಕ್ಟ್ರಿಗೆ ಒಳ್ಳೆಯದೆಂದರು.

ಕಾವ್ಯ ಪಾಠಗಳ ರೆಕಾರ್ಡಿಂಗ್ ನೋಡಿ ಮೊದಲು ಹೌಹಾರಿದಳು, ಆಮೇಲೆ ಎರಡು ಸಲ ನೋಡಿದಳು. ಮೂರು ತಿಂಗಳು ಮುಗಿಯುವ ಮೊದಲೇ ಮಾಸ್ಟ್ರನ್ನು ಕಾಯಂ ಮಾಡಿದಳು. ಶನಿವಾರದ ಪಾಠಕ್ಕೆ ಊರವರೇ ಬಂದು ಮಾತಾಡಬೇಕು, ಆದರೆ ಮೊದಲ ಮಾತಿನಲ್ಲೇ ಇದು ಆಸ್ಪತ್ರೆಯಲ್ಲ ಎಂದು ಎಲ್ಲರಿಗೂ ಹೇಳಬೇಕು ಎಂದು ನಿಯಮ ಮಾಡಿದಳು. ಕಮಲಕ್ಕ ಶನಿವಾರ ಮಧ್ಯಾಹ್ನವೇ ಬುಟ್ಟಿ ಖಾಲಿ ಮಾಡಿ, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಸೀರೆ ಉಟ್ಟು, ನಾಲ್ಕೂ ಮುಕ್ಕಾಲಿಗೆ ಬಂದು ಮೆಷಿನ್ನಿನ ಎದುರು ಕೂರುತ್ತಿದ್ದರು. ತಡವಾಗಿ ಬಂದ ವಿದ್ಯಾರ್ಥಿಗೆ ಅವರಲ್ಲಿ ಕ್ಷಮೆ ಇರಲಿಲ್ಲ.

ಮೆಡಿಕಲ್ ಪರೀಕ್ಷೆ ಮುಗಿದ ಮೇಲಿನ ಶನಿವಾರ ಸ್ಯಾಂಡ್ರಾ ಎಲ್ಲರಿಗಿಂತ ಮೊದಲು ಪರದೆಗೆ ಬಂದಳು. ವಾರ್ಡಿನಲ್ಲಿ ಅವಳಿಗೆ ಸಿಕ್ಕಿದ್ದು ಕಾಪುವಿನ ಒಬ್ಬ ಮುದುಕ. ಅವಳು ಅವರ ಮಂಚದ ಬಳಿ ಕೂತು, "ಎಂತ ಅಜ್ಜ, ಸೊಂಟ ಕಡಿತದಾ? ಸೆಳೀತದಾ? ಸರಿ ನೋಡಿ ಹೇಳಿ ಮಾರಾಯ್ರೆ, ಆಮೇಲೆ ನನ್ನ ತಲೆ ತಿನ್ಬೇಡಿ" ಎಂದು ಕೇಳಿದ್ದಳು. ಪರೀಕ್ಷಕರು ಪೆನ್ನು ಕೆಳಗಿಟ್ಟಿದ್ದರು. ಮುದುಕ ಅವಳನ್ನು ಬಹಳ ಹೊತ್ತು ನೋಡಿ ಕೇಳಿದ್ದರು: "ಮಗಳೇ, ನೀನು ಕಟಪಾಡಿ ಮೀನು ಮಾರ್ಕೆಟ್ಟಿನಲ್ಲಿ ಯಾವ ಸಾಲಿನಲ್ಲಿ ಕೂರುದು?"

ಕಮಲಕ್ಕ ಮೆಷಿನ್ನಿನ ಹಲಗೆಗೆ ಒಂದು ಪೆಟ್ಟು ಕೊಟ್ಟು ನಕ್ಕರು. ಲ್ಯಾಪ್‌ಟಾಪ್ ಕುಣಿಯಿತು. ಆಮೇಲೆ ಚಹಾ ಲೋಟ ಹಿಡಿದು ಹಿಂದೆ ಕೂತಿದ್ದ ತಮ್ಮನ ಕಡೆ ತಿರುಗಿದರು.

"ಇಪ್ಪತ್ತೈದು ವರ್ಷ ಕಲಿಸಿದಿಯಲ್ಲ ನೀನು. ನಿನ್ನ ಒಬ್ಬ ವಿದ್ಯಾರ್ಥಿಗಾದ್ರೂ ಯಾರಾದ್ರೂ ಹೀಗೆ ಹೇಳಿದ್ದುಂಟಾ?"

ದೇಜಪ್ಪ ಮಾಸ್ಟ್ರು ಪ್ರಾಮಾಣಿಕವಾಗಿ ಯೋಚಿಸಿದರು. "ಇಲ್ಲ ಅಕ್ಕ."

"ಹಾಗಾದ್ರೆ ಸುಮ್ನೆ ಕೂತು ಬರ್ಕೋ," ಎಂದು ಹೇಳಿ ಕಮಲಕ್ಕ ಪರದೆಗೆ ತಿರುಗಿದರು. "ಹ್ಞಾಂ ಮಕ್ಕಳೇ, ಇವತ್ತು ಕೆಮ್ಮು. ಎಲ್ಲರೂ ಒಟ್ಟಿಗೆ ಒಮ್ಮೆ ಕೆಮ್ಮಿ ನೋಡುವ."

ಮಾಸ್ಟ್ರು ಚಹಾ ಲೋಟ ನೆಲಕ್ಕಿಟ್ಟು ಪೆನ್ನು ಹುಡುಕಿದರು.